ಹೊಳಪು ತಿನ್ನುವ ಕನ್ನಡಕ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರು ನನಗೆ ಎರಡು ಅಪ್ಪಣೆ ಮಾಡಿದರು. ತಲೆಗೆ ನೀರು ಹಾಕಿಕೊಳ್ಳಬಾರದು. ಕರಿ ಕನ್ನಡಕವಿಲ್ಲದೆ ಬಿಸಿಲಿಗೆ ಹೊರಬೀಳಬಾರದು. ಮೊದಲನೆಯದನ್ನು ನಾನು ಬಹಳ ಸಂತೋಷದಿಂದ ಪಾಲಿಸಿದೆ. ಎರಡನೆಯದಕ್ಕಾಗಿ ಮೊಮ್ಮಗಳು ನನ್ನನ್ನು ಕಲಬುರಗಿಯ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯಾತ ಒಂದು ಕನ್ನಡಕವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

"ಅಜ್ಜಾರ, ಇದು ಸಾದಾ ಕರಿ ಗ್ಲಾಸಲ್ರಿ. ಪೋಲರೈಸ್ಡ್ ಅದ. ರೋಡಿನ ಮ್ಯಾಲಿಂದು, ನೀರಿನ ಮ್ಯಾಲಿಂದು ಎಲ್ಲಾ ಝಳ ಕಟ್ ಮಾಡ್ತದ."

"ಇದರಿಂದ ನುಕ್ಸಾನ ಏನರ ಅದ ಏನಪಾ?"

"ಏನೂ ಇಲ್ರಿ! ಬರೇ ಫಾಯದಾ."

ನನಗೆ ನಗು ತಡೆಯಲಾಗಲಿಲ್ಲ. ಮೊಮ್ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಆಪರೇಶನ್ನಿನಲ್ಲಿ ಬೇರೆ ಏನನ್ನಾದರೂ ಕತ್ತರಿಸಿದರೋ ಎಂದು ಅವಳಿಗೆ ಅನಿಸಿರಬೇಕು. ಈ ಜಾತಿಯ ಕನ್ನಡಕದ ಫಾಯದಾ, ನುಕ್ಸಾನು ಎರಡನ್ನೂ ನಾನು ನಿಜಾಮರ ಕಾಲದಲ್ಲೇ ಕಲಿತವನು ಎಂಬುದು ಪಾಪ ಅವಳಿಗೆ ಹೇಗೆ ಗೊತ್ತಿರಬೇಕು! ಅದನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ಶಹಾಬಾದಿನ ಒಂದು ಖಣಿಯಲ್ಲಿ, ಹತ್ತು ಜನ ಹೆಣ್ಣುಮಕ್ಕಳ ಎದುರಿಗೆ, ಅಡ್ಡಡ್ಡ ಬಿದ್ದು ಕಲಿತೆ.

ಬಿಸಿಲಿನ ಮಾತು ಮೊದಲು ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಚಿತ್ತಾಪುರದಲ್ಲಿ. ಆ ಕಡೆಯ ಮನೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ನೆಲದಿಂದ ಹಿಡಿದು ಎಲ್ಲವೂ ಫರಸಿ, ಎಂದರೆ ಚಪ್ಪಟೆ ಹಾಸುಗಲ್ಲು. ಊಟಕ್ಕೆ ಕೂರುವುದು ಫರಸಿಯ ಮೇಲೆ, ಬಟ್ಟೆ ಒಗೆಯುವುದು ಫರಸಿಯ ಮೇಲೆ, ಹಪ್ಪಳ ಒಣಹಾಕುವುದು ಫರಸಿಯ ಮೇಲೆ. ನೆರೆಮನೆಗೂ ನಮಗೂ ನಡುವಿನ ಗೋಡೆ ಎಂದರೆ ಸಾಲಾಗಿ ನಿಲ್ಲಿಸಿದ ಫರಸಿಗಳು. ಬೇಸಿಗೆಯಲ್ಲಿ ಹತ್ತು ಗಂಟೆಯಾಯಿತೆಂದರೆ ಅಂಗಳದಿಂದ ಬೆಳಕು ಮೇಲಕ್ಕೆ ಹೊಡೆಯುತ್ತಿತ್ತು. ಬೇರೆ ಊರಿನಲ್ಲಿ ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ. ನಮ್ಮಲ್ಲಿ ಗದ್ದದ ಕೆಳಗಿನಿಂದ ಬರುತ್ತದೆ. ಹಾಗಾಗಿ ಛತ್ರಿ ಹಿಡಿದರೂ ಪ್ರಯೋಜನವಿಲ್ಲ. ಅಂಗಳ ದಾಟುವಾಗಲೆಲ್ಲ ನಾನು ಕಣ್ಣು ಕಿರಿದು ಮಾಡುತ್ತಿದ್ದೆ. ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು: "ಕಣ್ಣ ಸಣ್ಣ ಮಾಡಬ್ಯಾಡೋ ರಾಘ್ಯಾ, ಹಂಗೇ ನಿಂತುಬಿಡ್ತಾವ!" ಹೀಗೆ ಹೇಳುವಾಗ ಅವಳ ಕಣ್ಣುಗಳೂ ಎರಡು ಗೆರೆಗಳಾಗಿರುತ್ತಿದ್ದವು. ನಮ್ಮ ಮಿಡಲ್ ಶಾಲೆಯಲ್ಲಿ ಒಮ್ಮೆ ಗುಂಪು ಫೋಟೋ ತೆಗೆದರು. ಮಾಸ್ತರರಿಂದ ಹಿಡಿದು ಜವಾನನವರೆಗೆ ಎಲ್ಲರ ಕಣ್ಣೂ ಮುಚ್ಚಿವೆ. ಒಬ್ಬನವು ಮಾತ್ರ ಅಗಲವಾಗಿ ತೆರೆದಿವೆ. ಅವನು ಬೀದರಿನ ಕೆಂಪು ಮಣ್ಣಿನಿಂದ ಆ ವಾರವಷ್ಟೇ ಬಂದಿದ್ದ.

ಇಂಥ ಕಣ್ಣುಗಳನ್ನು ಹೊತ್ತ ನನಗೆ ಸಿಕ್ಕ ಮೊದಲ ನೌಕರಿ ಯಾವುದು ನೋಡಿ: ಶಹಾಬಾದಿನ ಫರಸಿ ಖಣಿಯಲ್ಲಿ ಮುನ್ಷಿ! ಉರ್ದು ಚೆನ್ನಾಗಿ ಬರೆಯುತ್ತೇನೆಂದು ಗುತ್ತೇದಾರರು ತೆಗೆದುಕೊಂಡರು. ಕಲ್ಲು ಅಳೆಯುವುದು, ಪಾಲಿಶ್ ಆದದ್ದನ್ನು ನೋಡಿ ಪಾಸು ಮಾಡುವುದು, ರಜಿಸ್ಟರಿನಲ್ಲಿ ಬರೆಯುವುದು, ಇದಿಷ್ಟು ಕೆಲಸ. ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ. ಹೊಸದಾಗಿ ಎಬ್ಬಿಸಿದ ಕಲ್ಲು ಹಾಲಿನಂತೆ ಬೆಳ್ಳಗೆ ಉರಿಯುತ್ತಿತ್ತು. ಒಂದು ತಿಂಗಳಲ್ಲಿ ನನಗೆ ತಲೆಶೂಲೆ ಹತ್ತಿಕೊಂಡಿತು. ಮಧ್ಯಾಹ್ನ ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಫರಸಿಗಳೇ ಕಾಣುತ್ತಿದ್ದವು. ಅಮ್ಮ ನೆತ್ತಿಗೆ ಹರಳೆಣ್ಣೆ ಒತ್ತಿ, ಕಣ್ಣಿನ ಮೇಲೆ ನಂದಿಬಟ್ಟಲ ಹೂವಿಟ್ಟು ನೋಡಿದಳು. ಏನೂ ಉಪಯೋಗವಾಗದಿದ್ದಾಗ, "ನಿಮ್ಮ ಮಾಮಾಗ ಒಂದು ಮಾತು ಹೇಳಿ ಬಾ" ಎಂದು ವಾಡಿಗೆ ಕಳಿಸಿದಳು. ನಮ್ಮ ಮನೆಯಲ್ಲಿ ಯಾವ ರೋಗಕ್ಕೂ ಕೊನೆಯ ಔಷಧ ಕಿಷ್ಟಮಾಮಾ.

ಕಿಷ್ಟಮಾಮಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತ. ಅಲ್ಲಿಯ ಎಂಜಿನ್ ಶೆಡ್ಡಿನ ಫೋರ್ಮನ್ ಸಾಹೇಬನೊಬ್ಬ ಆ ವರ್ಷ ಗಂಟುಮೂಟೆ ಕಟ್ಟಿ ವಿಲಾಯತಿಗೆ ಹೊರಟಾಗ, ಜಾಮಿನ ಬಾಟಲಿ, ನಾಯಿಯ ಸರಪಳಿ, ಅರ್ಧ ಡಬ್ಬಿ ಬೂಟ್ ಪಾಲಿಶ್ ಇತ್ಯಾದಿಗಳ ಜೊತೆ ಒಂದು ಕನ್ನಡಕವನ್ನೂ ಮಾಮಾನಿಗೆ ಕೊಟ್ಟು ಹೋಗಿದ್ದ. ದುಂಡಗಿನ, ಹಸಿರು ಛಾಯೆಯ ಗಾಜು. ಸಣ್ಣ ತಂತಿಯ ಕಡ್ಡಿ.

"ಇದು ಬರೇ ಕರಿ ಚಷ್ಮಾ ಅಲ್ಲೋ ರಾಘು. ಇದು ಹೊಳಪು ತಿಂತದ!" ಎಂದು ಮಾಮಾ ನನ್ನನ್ನು ಎಂಜಿನ್ನುಗಳಿಗೆ ನೀರು ತುಂಬುವ ಸಿಮೆಂಟಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದ. "ಏನ ಕಾಣ್ತದ ಹೇಳು."

"ಆಕಾಶ."

"ಈಗ ಹಾಕ್ಕೊಂಡು ನೋಡು."

ಹಾಕಿಕೊಂಡೆ. ಆಕಾಶ ಅಳಿಸಿಹೋಯಿತು. ತೊಟ್ಟಿಯ ತಳ, ತಳದ ಪಾಚಿ, ಪಾಚಿಯ ಮೇಲೆ ನನ್ನನ್ನೇ ನೋಡುತ್ತ ಕುಳಿತ ಒಂದು ಕಪ್ಪೆ, ಎಲ್ಲವೂ ಒಮ್ಮೆಲೇ ಎದ್ದು ಬಂದವು. ನಾನು "ಅಯ್ಯಯ್ಯೋ" ಎಂದು ಹಿಂದೆ ಸರಿದೆ. "ತಲಿ ಓರೆ ಮಾಡು" ಎಂದ ಮಾಮಾ. ಮಾಡಿದೆ. ಕಪ್ಪೆ ಹೋಯಿತು, ಆಕಾಶ ಬಂತು. ಮತ್ತೆ ನೆಟ್ಟಗಾದೆ. ಆಕಾಶ ಹೋಯಿತು, ಕಪ್ಪೆ ಬಂತು. ಇದು ಹೀಗೇಕೆ ಎಂದು ಸಾಹೇಬ ಒಂದು ತಾಸು ವಿವರಿಸಿದ್ದನಂತೆ. ಮಾಮಾ ಒಂದು ತಾಸು "ಎಸ್ ಸರ್" ಅಂದಿದ್ದನಂತೆ. ಅದಕ್ಕಿಂತ ಹೆಚ್ಚಿನ ವಿಜ್ಞಾನ ನಮ್ಮ ಮನೆತನಕ್ಕೆ ದಕ್ಕಲಿಲ್ಲ.

ಇಂಥ ವಸ್ತುವನ್ನು ಮಾಮಾ ನನಗೆ ಕೊಟ್ಟದ್ದೇಕೆ ಎಂದರೆ, ಅತ್ತೆಯ ಕಾಟ. "ಇವರು ಅದನ್ನ ಹಾಕ್ಕೊಂಡು ಪ್ಲಾಟ್‌ಫಾರ್ಮಿನ ಮ್ಯಾಲ ನಿಂತ್ರ ಯಾರ ಕಡಿ ನೋಡ್ಲಿಕತ್ತಾರ ಅಂತ ತಿಳಿಯಂಗಿಲ್ಲ ನೋಡು. ಒಯ್ದುಬಿಡು ನಮ್ಮಪ್ಪಾ!" ಎಂದು ಆಕೆಯೇ ನನ್ನ ಜೇಬಿಗೆ ತುರುಕಿದಳು.

ಫಾಯದಾ ಮೊದಲ ದಿನವೇ ಶುರುವಾಯಿತು. ಖಣಿ ತಂಪಾಯಿತು. ತಲೆಶೂಲೆ ನಾಲ್ಕು ದಿನದಲ್ಲಿ ಬಿಟ್ಟಿತು. ಅದಕ್ಕಿಂತ ದೊಡ್ಡ ಫಾಯದಾ, ಜನರ ಮರ್ಯಾದೆ. ಧೋತರ, ಕರಿ ಟೊಪ್ಪಿಗೆ, ಅದರ ಕೆಳಗೆ ಸಾಹೇಬನ ಕನ್ನಡಕ. ನನ್ನನ್ನು ಎದುರಿಗೆ ಕಂಡ ಗಾಡಿಯವರು ಬೀಡಿ ಆರಿಸತೊಡಗಿದರು. ಸೇಡಂ ಕಡೆಯ ಇಬ್ಬರು ರೈತರು ರೈಲಿನಲ್ಲಿ ತಾವಾಗಿಯೇ ಎದ್ದು ನನಗೆ ಕಿಟಕಿ ಪಕ್ಕದ ಜಾಗ ಕೊಟ್ಟರು. ಕೊಟ್ಟ ಮೇಲೆ ಒಬ್ಬ, "ಪಾಪ, ಸಣ್ಣ ವಯಸ್ಸಿನಾಗ ಕಣ್ಣ ಹೋಗ್ಯಾವ" ಎಂದು ಇನ್ನೊಬ್ಬನಿಗೆ ಹೇಳಿದ. ಅದು ನನ್ನ ಕಿವಿಗೆ ಬೀಳದ ಹಾಗೆ ನಾನೇ ನೋಡಿಕೊಂಡೆ. ಮರ್ಯಾದೆಯ ಗುಣವೇ ಹಾಗೆ. ಸ್ವಲ್ಪ ಹತ್ತಿದರೆ ಕುತ್ತಿಗೆ ಬಗ್ಗುವುದಿಲ್ಲ. ಮೊದಲೆಲ್ಲ ನಾನು ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೈ ಆಡಿಸಿ ಪಾಲಿಶ್ ನೋಡುತ್ತಿದ್ದೆ. ಕನ್ನಡಕ ಬಂದ ಮೇಲೆ ನಿಂತೇ ನೋಡತೊಡಗಿದೆ.

ಹೀಗಿರುವಾಗ ಹೈದರಾಬಾದಿನ ಒಬ್ಬ ನವಾಬರ ದೇವಡಿಗೆ, ಅಂದರೆ ಅವರ ಮಹಲಿನಂಥ ಮನೆಗೆ, ಫರಸಿಗೆ ಬೇಡಿಕೆ ಬಂತು. ದಿವಾನಖಾನೆಯ ನಡುಮಧ್ಯಕ್ಕೆ ಹನ್ನೆರಡು ದೊಡ್ಡ ಫರಸಿಗಳು. ಮುಖ ಕಾಣುವಂತೆ ಪಾಲಿಶ್ ಆಗಬೇಕು. ಶನಿವಾರ ರೈಲಿನ ಡಬ್ಬಿಗೆ ಏರಬೇಕು. ಗುತ್ತೇದಾರರು ಸೇಡಮ್ಮಿಗೆ ಹೋಗುವ ಮುಂಚೆ, "ಕಚ್ಚಾ ಮಾಲು ಹೋಯ್ತಂದ್ರ ನಮ್ಮ ಹೆಸರು ಹೋಯ್ತು. ಕೆಲಸ ಕೆಡಿಸಿದವರನ್ನ ಅವತ್ತೇ ತಗೀರಿ" ಎಂದು ನನಗೆ ತಾಕೀತು ಮಾಡಿದರು.

ಪಾಲಿಶ್ ಮಾಡುವವರು ಹತ್ತು ಜನ ಹೆಂಗಸರು. ಅವರ ಮುಖಂಡಳು ಮಾಣಿಕಮ್ಮ. ಐವತ್ತು ದಾಟಿದ ವಿಧವೆ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಮದುವೆಯಾಗಿ ಬಂದ ವರ್ಷದಿಂದ ಕಲ್ಲು ತಿಕ್ಕಿದವಳು. ಮರಳು ಹಾಕಿ, ನೀರು ಹಾಕಿ, ಒರಟು ಕಲ್ಲಿನಿಂದ ಒಮ್ಮೆ, ನಯವಾದ ಕಲ್ಲಿನಿಂದ ಒಮ್ಮೆ, ಕೊನೆಗೆ ಗೋಣಿತಟ್ಟಿನಿಂದ, ಹೀಗೆ ತಿಕ್ಕಿ ತಿಕ್ಕಿ ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆಟ್ಟಿನ ಗುರುತು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಮೂಡುತ್ತಿತ್ತು. ಫರಸಿಯ ಮೇಲೆ ಬಗ್ಗಿದಾಗ ತನ್ನ ಮೂಗುಬಟ್ಟು ಅದರಲ್ಲಿ ಮಿನುಗಿದರೆ ಪಾಲಿಶ್ ಆಯಿತು, ಇಲ್ಲವಾದರೆ ಇಲ್ಲ, ಇದು ಅವಳ ಪರೀಕ್ಷೆ.

ಬುಧವಾರ ಹನ್ನೆರಡೂ ಫರಸಿಗಳನ್ನು ಬೇವಿನ ಮರದ ಆಚೆ ಬಯಲಿನಲ್ಲಿ ಜೋಡಿಸಿ ನನಗೆ ಕರೆ ಕಳಿಸಿದಳು. ನಾನು ಕನ್ನಡಕ ಏರಿಸಿಕೊಂಡು, ರಜಿಸ್ಟರು ಹಿಡಿದು ಹೋಗಿ, ನಾಲ್ಕು ಹೆಜ್ಜೆ ದೂರ ನಿಂತು ನೋಡಿದೆ. ಮಂಕು ಕಲ್ಲು. ಕೊಟ್ಟಿಗೆಗೆ ಹಾಸುವಂಥವು.

"ಇದೇನು ಮಾಣಿಕಮ್ಮಾ, ಹೊಳಪೇ ಇಲ್ಲ?"

ಅವಳು ನನ್ನ ಮುಖ ನೋಡಿದಳು, ಕಲ್ಲು ನೋಡಿದಳು. "ಹೊಳಪಿಲ್ಲೇನ್ರಿ?"

"ಎಲ್ಲದ? ಮತ್ತ ತಿಕ್ಕಬೇಕು."

ಗುರುವಾರ ಮತ್ತೆ ತಿಕ್ಕಿದರು. ಸಂಜೆ ಹೋಗಿ ನೋಡಿದೆ. ಅದೇ ಮಂಕು. ರಜಿಸ್ಟರಿನಲ್ಲಿ ಉರ್ದುವಿನಲ್ಲಿ ದುಂಡಗೆ ಬರೆದೆ: "ಪಾಲಿಶ್ ಕಚ್ಚಾ." ಮಾಣಿಕಮ್ಮ ಹತ್ತಿರ ಬಂದಳು. "ಮುನ್ಷಿಯವರೇ, ನೀವು ಒಂದ್ಸಲ ಬಗ್ಗಿ ನೋಡ್ರಿ. ನನ್ನ ಮೂಗುಬಟ್ಟು ಕಾಣ್ತದ."

"ನನಗ ಇಲ್ಲಿಂದ ಕಾಣ್ತದ. ಬಗ್ಗೋದು ಬ್ಯಾಡ."

"ಹಂಗಂದ್ರ ಕಣ್ಣರ ತೋರಿಸ್ಕೊಂಡು ಬರ್ರಿ," ಎಂದು ಅವಳು ಹೋಗಿಬಿಟ್ಟಳು. ಆ ಸಂಜೆ ಮನೆಗೆ ಹೋಗುವ ಮುಂಚೆ ಒಬ್ಬಳೇ ಮತ್ತೆ ಬಂದು, ಫರಸಿಯ ಮೇಲೆ ಬಗ್ಗಿ ಬಹಳ ಹೊತ್ತು ಕೂತಿದ್ದಳಂತೆ. ತನ್ನ ಕಣ್ಣುಗಳು ತನಗೇ ಸುಳ್ಳು ಹೇಳುತ್ತಿವೆಯೋ ಎಂಬ ಅನುಮಾನ ಅವಳಿಗೆ ಬಂದಿತ್ತು. ಇದನ್ನು ನಾನು ತಡವಾಗಿ ಕೇಳಿದೆ. ಇವತ್ತಿಗೂ ಆ ಮಾತು ನೆನಪಾದರೆ ನನಗೆ ನಗು ಬರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರನೆಯ ಬಾರಿ ಹೋದೆ. ಹೆಂಗಸರು ಸೆರಗು ಬಿಗಿದು ಸಾಲಾಗಿ ನಿಂತಿದ್ದರು. ಮಾಣಿಕಮ್ಮ ಎದೆಯ ಮೇಲೆ ಕೈಕಟ್ಟಿ ನಿಂತಿದ್ದಳು. ನಾನು ನಿಂತಲ್ಲಿಂದಲೇ ತಲೆ ಅಲ್ಲಾಡಿಸಿದೆ.

"ಇಲ್ಲ. ಇನ್ನೂ ಇಲ್ಲ. ಒಣ ರೊಟ್ಟಿ ಇದ್ದಂಗ ಅದ."

"ಒಣ ರೊಟ್ಟಿ?" ಎಂದಳು ಮಾಣಿಕಮ್ಮ. ಕೈಯೊಳಗಿನ ಗೋಣಿತಟ್ಟನ್ನು ನೆಲಕ್ಕೆ ಒಗೆದಳು. ಉಳಿದ ಒಂಬತ್ತು ತಟ್ಟುಗಳೂ ಒಂದರ ಹಿಂದೊಂದು ಬಿದ್ದವು. "ನೀವೇ ತಿಕ್ರಿ ಹಂಗಾರ. ನಾವು ಕುಂದರ್ತೀವಿ." ಹತ್ತೂ ಜನ ಬೇವಿನ ಮರದ ಕೆಳಗೆ ಹೋಗಿ ಕೂತೇಬಿಟ್ಟರು.

ನನಗೆ ಸಿಟ್ಟು ಬಂತು. ನಾಳೆ ಗುತ್ತೇದಾರರು ಬರುವವರು, ಡಬ್ಬಿ ಬರುವುದು. ಇವರ ಕಳ್ಳಾಟವನ್ನು ಇವರೆದುರಿಗೇ ತೋರಿಸಿಬಿಡುತ್ತೇನೆಂದು ದಡದಡ ಫರಸಿಗಳ ಮೇಲೆ ನಡೆದೆ. ಅವರು ಅದೇ ತಾನೇ ತೊಳೆದು ಬಿಟ್ಟಿದ್ದರು. ಫರಸಿಯ ಮೇಲೆ ನೀರು ತುಳುಕುತ್ತಿತ್ತು. ನೀರಿದೆ ಎಂದು ಕಣ್ಣಿಗೆ ಹೇಳುವುದು ಅದರ ಹೊಳಪು ತಾನೇ? ಆ ಹೊಳಪನ್ನು ಕನ್ನಡಕ ತಿಂದು ಕೂತಿತ್ತು. ನನ್ನ ಕಣ್ಣಿಗೆ ಎಲ್ಲವೂ ಒಣ ಒಣ. ಚಪ್ಪಲಿಯ ಕಾಲನ್ನು ಧೈರ್ಯವಾಗಿ ಇಟ್ಟೆ.

ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ನೋಡಿದವರು ಹೇಳಿದ್ದು. ಮೊದಲು ರಜಿಸ್ಟರು ಹಾರಿತಂತೆ. ನಂತರ ಟೊಪ್ಪಿಗೆ. ಕೊನೆಗೆ ನಾನು. ಒಂದು ಫರಸಿಯಿಂದ ಇನ್ನೊಂದಕ್ಕೆ, ಅದರಿಂದ ಮುಂದಿನದಕ್ಕೆ, ಮೂರು ಫರಸಿ ಜಾರಿ ನಾಲ್ಕನೆಯದರ ಮೇಲೆ ಎಡಮಗ್ಗುಲಾಗಿ ಮಲಗಿದೆನಂತೆ. ಕನ್ನಡಕ ಮಾತ್ರ ಮೂಗು ಬಿಟ್ಟು ಕದಲಿರಲಿಲ್ಲ.

ಕಣ್ಣು ತೆರೆದೆ. ಕೆನ್ನೆ ಕಲ್ಲಿಗೆ ಅಂಟಿತ್ತು. ಅಡ್ಡವಾದ ತಲೆಯಿಂದ ನೋಡುತ್ತೇನೆ: ಎದುರಿಗೆ ಆಕಾಶ! ಫರಸಿಯ ತುಂಬ ಆಕಾಶ. ತಲೆಕೆಳಗಾದ ಬೇವಿನ ಮರ, ಅದರ ಎಲೆ ಎಲೆಯೂ ಬೇರೆ ಬೇರೆ. ಮರದಿಂದ ಓಡಿಬಂದ ಒಂದು ಜೊತೆ ಪಾದ, ಬಗ್ಗಿದ ಒಂದು ಮುಖ, ಆ ಮುಖದಲ್ಲಿ ನಕ್ಷತ್ರದ ಹಾಗೆ ಒಂದು ಮೂಗುಬಟ್ಟು.

"ಕಾಣ್ತೇನ್ರಿ?" ಎಂದು ಮಾಣಿಕಮ್ಮ ಕೇಳಿದಳು.

"ಕಾಣ್ತು," ಎಂದೆ.

ಎದ್ದು ಕೂತೆ. ಹೊಳಪು ಮಾಯ. ತಲೆ ಓರೆ ಮಾಡಿದೆ. ಬಂತು. ನೆಟ್ಟಗೆ ಮಾಡಿದೆ. ಹೋಯಿತು. ವಾಡಿಯ ತೊಟ್ಟಿಯ ಕಪ್ಪೆ ಆಗ ನನ್ನ ನೆನಪಿಗೆ ಬಂತು. ನಾನು ಕೋಳಿಯ ಹಾಗೆ ಕುತ್ತಿಗೆಯನ್ನು ಆ ಕಡೆ ಈ ಕಡೆ ಆಡಿಸುವುದನ್ನು ಕಂಡು ಒಬ್ಬಳು, "ಯವ್ವಾ, ತಲಿಗೆ ಪೆಟ್ಟು ಬಿದ್ದದ!" ಎಂದು ಅಳಲಿಕ್ಕೇ ಶುರುಮಾಡಿದಳು. ನಾನು ಕನ್ನಡಕ ತೆಗೆದೆ. ಹನ್ನೆರಡು ಫರಸಿಗಳೂ ಒಮ್ಮೆಲೇ ಬೆಂಕಿ ಹತ್ತಿದ ಹಾಗೆ ಬೆಳಗಿದವು. ಅಂಥ ಪಾಲಿಶ್ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಹೊಳೆಯದೆ ಏನು, ಮೂರು ಸಲ ತಿಕ್ಕಿಸಿದ್ದೆನಲ್ಲ!

"ತಪ್ಪಾತು, ಮಾಣಿಕಮ್ಮಾ. ಈ ಚಷ್ಮಾ ಹೊಳಪು ತಿಂತದ. ನನಗ ನೆನಪೇ ಇರಲಿಲ್ಲ."

ಅವಳು ನಗಲಿಲ್ಲ. ಕೈ ಚಾಚಿದಳು. "ತರ್ರಿ ಇಲ್ಲಿ." ಕೊಟ್ಟೆ. ನಮ್ಮ ಮನೆಯ ಮಡಿಯ ಲೆಕ್ಕದಲ್ಲಿ ಅದು ಕೂಡದ ಕೆಲಸ. ಆದರೆ ಬಿದ್ದವನಿಗೆ ಎಲ್ಲಿಯ ಮಡಿ? ಅವಳು ಕಡ್ಡಿಗಳನ್ನು ಸೆರಗಿನ ಮೇಲಿಂದಲೇ ಕಿವಿಗೆ ಸಿಕ್ಕಿಸಿಕೊಂಡು, ಫರಸಿಗಳ ಸಾಲಿನ ಅಂಚಿನಲ್ಲಿ ನಿಧಾನವಾಗಿ ನಡೆದಳು. "ಯಪ್ಪಾ, ಖರೇ ಅದ! ಎಲ್ಲಾ ಮಂಕಾಗ್ಯಾವ!" ಎಂದಳು. ಎಲ್ಲರೂ ನಕ್ಕರು. ಏಳನೆಯ ಫರಸಿಯ ಹತ್ತಿರ ನಿಂತಳು. ಬಗ್ಗಿದಳು. ಅವಳ ನಗು ನಿಂತಿತು.

"ಇದೇನಿದು?"

ಫರಸಿಯ ಮೂಲೆಯಿಂದ ನಡುವಿಗೆ ಒಂದು ಕೂದಲೆಳೆಯಷ್ಟು ಸಣ್ಣ ಬಿರುಕು. ಬರಿಗಣ್ಣಿನಿಂದ ನೋಡಿದರೆ ಹೊಳಪಿನಲ್ಲಿ ಮುಳುಗಿಹೋಗುತ್ತಿತ್ತು. ಅವಳು ಬೆರಳ ಗಣ್ಣಿನಿಂದ ಕಲ್ಲು ಬಡಿದಳು. ಉಳಿದವು ಠಣ್ ಎಂದವು; ಇದು ಠಪ್ ಎಂದಿತು. ಹಿಂದಿನಿಂದ ಯಾರೋ, "ಮುನ್ಷಿಯವರು ಬಿದ್ದು ಫರಸಿ ಒಡದ್ರು!" ಎಂದರು. ಆಗ ನಾನು ತೊಗರಿ ಕಟ್ಟಿಗೆಯ ಹಾಗೆ ಇದ್ದೆ, ಬಿದ್ದದ್ದೂ ನಾಲ್ಕನೆಯದರ ಮೇಲೆ. ಆದರೂ ಈ ಕೀರ್ತಿ ಎರಡು ದಿನದಲ್ಲಿ ಚಿಂಚೋಳಿಯವರೆಗೂ ಮುಟ್ಟಿತ್ತು.

"ಅವರಲ್ಲ," ಎಂದಳು ಮಾಣಿಕಮ್ಮ. "ಬಿರುಕಿನಾಗ ಹಳೇ ಮಣ್ಣದ. ಇದು ನಾ ನೋಡಬೇಕಾಗಿತ್ತು. ಮೂರು ಸಲ ತಿಕ್ಕೀನಿ, ಮೂಗುಬಟ್ಟು ನೋಡಿ ನೋಡಿ ಖುಷಿ ಪಟ್ಟೀನಿ. ಇದು ಕಾಣ್ಲೇ ಇಲ್ಲ."

"ಇಷ್ಟು ಸಣ್ಣದು ಯಾರಿಗೆ ಗೊತ್ತಾಗ್ತದ? ಹೋಗ್ಲಿ ಬಿಡು," ಎಂದೆ. ನನಗೆ ನಾಳೆಯ ಡಬ್ಬಿಯದೇ ಚಿಂತೆ.

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಹೊಳಪಿಲ್ಲಂತ ನಿಮ್ಮ ಕಣ್ಣಿಗೆ ಕಂಡದ್ದಕ್ಕ ಮೂರು ದಿನ ತಿಕ್ಕಿಸಿದ್ರಿ. ಬಿರುಕು ಖರೇ ಕಂಡ ಮ್ಯಾಲ ಬಿಡು ಅಂತೀರಿ?" ಎಂದು ಕೇಳಿ, ಆ ಫರಸಿಯನ್ನು ಹೆಂಗಸರಿಂದ ಎತ್ತಿಸಿ ಬೇವಿನ ಬುಡಕ್ಕೆ ನಿಲ್ಲಿಸಿಬಿಟ್ಟಳು.

ಶನಿವಾರ ಗುತ್ತೇದಾರರು ಬಂದರು. ಭಾರಿ ಆಸಾಮಿ, ಬಾಯಿ ತುಂಬ ಎಲೆಅಡಿಕೆ. ಮೊದಲು ಫರಸಿ ಎಣಿಸಿದರು. ಹನ್ನೊಂದು. ಆಮೇಲೆ ರಜಿಸ್ಟರು ಓದಿದರು. ಆಮೇಲೆ ಮತ್ತೆ ಫರಸಿ ನೋಡಿದರು.

"ಪಾಲಿಶ್ ಕಚ್ಚಾ ಅಂತ ಬರದೀರಿ. ಮಾಲು ಒಂದು ಕಮ್ಮಿ ಅದ. ಈ ಹೆಣ್ಣುಮಕ್ಕಳನ್ನ ತಗದು ಬ್ಯಾರೇದವರನ್ನ ಹಚ್ಚಲೇನು?"

ಮಾಣಿಕಮ್ಮ ಅಲ್ಲೇ ನಿಂತಿದ್ದಳು. ಉರ್ದು ಬರದಿದ್ದರೂ ರಜಿಸ್ಟರಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಒಂದು ಕ್ಷಣ ನನ್ನ ನಾಲಿಗೆ ಅತ್ತ ಇತ್ತ ಹೊರಳಿತು. ಹತ್ತು ಮನೆಯ ಒಲೆ ಒಂದು ಕಡೆ, ನನ್ನ ಮರ್ಯಾದೆ ಒಂದು ಕಡೆ. ಎಡ ಸೊಂಟ ಚುಳ್ ಎಂದಿತು. ಅದೇ ನನ್ನ ಬಾಯಿ ಬಿಡಿಸಿತು ಎನ್ನಬೇಕು.

"ಸಾವಕಾರ್ರೇ, ಕಲ್ಲಿಂದು ತಪ್ಪಿಲ್ರಿ. ಇವರದೂ ಇಲ್ಲ. ನಾ ಬರದದ್ದೇ ತಪ್ಪು. ನನ್ನ ಚಷ್ಮಾ ಹೊಳಪು ತಿಂತದ." ಬಿದ್ದದ್ದನ್ನೂ ಹೇಳಿದೆ. ಬಿರುಕು ಕಂಡವಳು ಮಾಣಿಕಮ್ಮ ಎಂದೂ ಹೇಳಿದೆ.

ಗುತ್ತೇದಾರರು ಕನ್ನಡಕ ತೆಗೆದುಕೊಂಡು ಹಾಕಿದರು. ತೆಗೆದರು. ಹಾಕಿದರು. ಬಿರುಕಿನ ಕಲ್ಲನ್ನು ನೋಡಿದರು. ತಲೆ ಓರೆ ಮಾಡಿದರು. ಆಮೇಲೆ ನಕ್ಕ ನಗೆಗೆ ಬಾಯಲ್ಲಿದ್ದ ಎಲೆಅಡಿಕೆ ಅವರ ಬಿಳಿ ಅಂಗಿಯ ಮೇಲೆಲ್ಲ ಬಿತ್ತು. "ನವಾಬ್ರ ದಿವಾನಖಾನೆದಾಗ ಇದು ಬಾಯಿ ಬಿಟ್ಟಿದ್ರ ನನ್ನ ಬಾಯಿ ಮುಚ್ತಿತ್ತು! ಹನ್ನೊಂದು ಹೋಗ್ಲಿ. ಒಂದು ಮುಂದಿನ ವಾರ ಕಳಸೋಣ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆಚಾರ್ರೇ, ಬಿರುಕು ನೋಡಾಗ ಇದನ್ನ ಹಾಕ್ಕೋಬೇಕು, ಹೊಳಪು ನೋಡಾಗ ತಗೀಬೇಕು. ನಿಮಗ ಈ ಹಿಸಾಬು ನೆನಪಿರ್ತದೇನು?" ಎಂದು ಕೇಳಿದರು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಭರವಸೆ ಇರಲಿಲ್ಲ. ಕನ್ನಡಕವನ್ನು ಮಾಣಿಕಮ್ಮನ ಕೈಗೆ ಕೊಟ್ಟೆ. ಕೊಡುವಾಗ ನನ್ನ ಬೆರಳು ಕಡ್ಡಿಯನ್ನು ಸ್ವಲ್ಪ ಹೊತ್ತು ಹೆಚ್ಚೇ ಹಿಡಿದಿತ್ತು. ಅವಳು ಮೆಲ್ಲಗೆ ಎಳೆದುಕೊಂಡಳು. ಮೊದಲ ಬಾರಿಗೆ ಅವಳ ಕಣ್ಣುಗಳನ್ನು ಹತ್ತಿರದಿಂದ ನೋಡಿದೆ. ಕೆಂಪಾಗಿ, ಅಂಚಿನಲ್ಲಿ ನೀರು ತುಂಬಿ, ನನ್ನ ಒಂದು ತಿಂಗಳ ತಲೆಶೂಲೆಯನ್ನು ಮೂವತ್ತೈದು ಬೇಸಿಗೆ ಹೊತ್ತ ಕಣ್ಣುಗಳು.

ಅಂದಿನಿಂದ ಡಬ್ಬಿಗೆ ಏರುವ ಪ್ರತಿ ಫರಸಿಯನ್ನೂ ಅವಳು ನೋಡಿ ಬಿಡುತ್ತಿದ್ದಳು. ತಲೆ ತುಂಬ ಸೆರಗು, ಕಚ್ಚೆ ಹಾಕಿದ ಇಳಕಲ್ ಸೀರೆ, ಮೂಗುಬಟ್ಟಿನ ಮೇಲೆ ವಿಲಾಯತಿ ಸಾಹೇಬನ ದುಂಡು ಕನ್ನಡಕ. ಎತ್ತರದ ಒಂದು ಕಲ್ಲಿನ ಮೇಲೆ ಕೂತು, ಒಮ್ಮೆ ಅದನ್ನು ಹಣೆಗೆ ಏರಿಸಿ, ಒಮ್ಮೆ ಕಣ್ಣಿಗೆ ಇಳಿಸಿ ಪರೀಕ್ಷೆ ಮಾಡುತ್ತಿದ್ದಳು. ನಾನು ಕೆಳಗೆ ನಿಂತು, ಕಣ್ಣು ಕಿರಿದು ಮಾಡಿಕೊಂಡು, ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಯಾವಾಗಿನಿಂದಲೋ ಗೊತ್ತಿಲ್ಲ, ಅವಳಿಗೆ 'ನೀವು' ಅನ್ನತೊಡಗಿದ್ದೆ.

ಮಳೆಗಾಲಕ್ಕೆ ಮುಂಚೆ ನವಾಬರ ಕಡೆಯ ಕಾರಭಾರಿಯೊಬ್ಬರು ಇನ್ನಷ್ಟು ಫರಸಿ ಆರಿಸಲಿಕ್ಕೆಂದು ಹೈದರಾಬಾದಿನಿಂದ ಬಂದರು. ಶೇರವಾನಿ, ಹೊಳೆಯುವ ಬೂಟು. ಗುತ್ತೇದಾರರು ಎದುರಿಗೆ ಹೋಗಿ ಕೈಮುಗಿದರು. ಅವರ ಹಿಂದೆ ರಜಿಸ್ಟರು ಹಿಡಿದ ನಾನು. ಕಾರಭಾರಿಯವರು ಒಮ್ಮೆ ಸುತ್ತ ಕಣ್ಣಾಡಿಸಿದರು. ಕಲ್ಲಿನ ಮೇಲೆ ಕನ್ನಡಕ ಹಾಕಿ ಕೂತವರನ್ನು ಕಂಡು, ನಮ್ಮಿಬ್ಬರನ್ನೂ ದಾಟಿ ನೆಟ್ಟಗೆ ಅತ್ತ ನಡೆದು, ಸೊಂಟ ಬಗ್ಗಿಸಿ "ಆದಾಬ್ ಅರ್ಜ್" ಎಂದರು.

ಮಾಣಿಕಮ್ಮ ಏಳಲಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿ ಅವರ ಬೂಟು ನೋಡಿದಳು.

"ಬರ್ರಿ, ಬರ್ರಿ," ಎಂದಳು. "ಆದ್ರ ಬೂಟು ಅಲ್ಲೇ ಬಿಟ್ಟು ಬರ್ರಿ. ಫರಸಿ ಹಸಿ ಅದ."

ಅವರು ಬಗ್ಗಿ ಬೂಟು ಬಿಚ್ಚಿದರು. ಗುತ್ತೇದಾರರು ಜೋಡು ಬಿಟ್ಟರು. ಹಿಂದೆ ಬರುತ್ತಿದ್ದ ನಾನು, ಯಾರೂ ಹೇಳದಿದ್ದರೂ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆ.